‘ಅರ್ಧ ಗಂಟೆಯ ಕೆಲಸ ಅಲ್ವಾ?’

ಶವ್ವಾಲ್ ಚಂದ್ರ ಕಂಡಿತೆಂದರೆ ನಮ್ಮ ಕರಾವಳಿಯಲ್ಲಿ ಮದುವೆಯ ಸೀಝನ್ ಶುರು. ರಮಝಾನಿನ ಒಂದು ತಿಂಗಳು ಸುಮ್ಮನಿದ್ದ ಹಾಲ್‌ನವರು, ಅಡುಗೆಯವರು, ಟೈಲರ್‌ಗಳು, ಮೆಹಂದಿ ಹಾಕುವ ಹುಡುಗಿಯರು, ಎಲ್ಲರಿಗೂ ಒಮ್ಮೆಲೇ ಕೆಲಸ. ಇವರೆಲ್ಲರಿಗಿಂತ ಸ್ವಲ್ಪ ಮೊದಲೇ ನಮ್ಮ ಫೋನು ಬಡಿದುಕೊಳ್ಳಲು ತೊಡಗುತ್ತದೆ. ಹಾಲ್ ಬುಕ್ ಆದ ಕೂಡಲೇ ಮನೆಯವರಿಗೆ ನೆನಪಾಗುವುದು ಕಾರ್ಡು.

ನಾವು ಅಂದರೆ ಅತ್ತಿಗೆ-ನಾದಿನಿ. ತೊಕ್ಕೊಟ್ಟಿನ ಹತ್ತಿರ, ಮನೆಯ ಎದುರು ಕೋಣೆಯಲ್ಲಿ ಎರಡು ಕಂಪ್ಯೂಟರ್, ಒಂದು ಪ್ರಿಂಟರ್ ಮತ್ತು ಮಳೆಗಾಲದಲ್ಲಿ ಕರೆಂಟು ಕೈಕೊಟ್ಟಾಗ ಕಿರುಚುವ ಒಂದು ಯುಪಿಎಸ್ ಇಟ್ಟುಕೊಂಡು ಡಿಸೈನ್ ಕೆಲಸ ಮಾಡುತ್ತೇವೆ. ಮದುವೆ ಕಾರ್ಡು, ಅಂಗಡಿಯ ಬೋರ್ಡು, ವಿಸಿಟಿಂಗ್ ಕಾರ್ಡು, ಮದ್ರಸದ ವಾರ್ಷಿಕೋತ್ಸವದ ಪೋಸ್ಟರ್, ಸಹರಿ-ಇಫ್ತಾರ್ ವೇಳಾಪಟ್ಟಿ, ಮನೆಯಲ್ಲೇ ಕೇಕ್ ಮಾಡಿ ಮಾರುವವರ ಡಬ್ಬಿಯ ಮೇಲಿನ ಲೇಬಲ್, ಏನು ಬಂದರೂ ಸರಿ. ನಾದಿನಿ ಬಿಕಾಂ ಮುಗಿಸಿ ಡಿಟಿಪಿ ಕಲಿತವಳು. ಅತ್ತಿಗೆ ಎಲ್ಲೂ ಕಲಿತದ್ದಲ್ಲ. ಮೆಹಂದಿ ಹಾಕಿ ಹಾಕಿ ಕೈಗೆ ಬಂದ ಗೆರೆಯನ್ನೇ ಕಂಪ್ಯೂಟರಿಗೆ ಇಳಿಸಿದವಳು. ಶುರು ಮಾಡಿ ಎಂಟು ವರ್ಷವಾಯಿತು. ಮೊದಲ ಕಂಪ್ಯೂಟರಿಗಾಗಿ ಒಂದು ಚಿನ್ನದ ಸರ ಮಾರಿದ್ದೆವು, ಬಡ್ಡಿಯ ಸಾಲ ಬೇಡವೆಂದು. ಆ ಸರ ಇನ್ನೂ ವಾಪಸ್ ಬಂದಿಲ್ಲ. ಈ ಎಂಟು ವರ್ಷದಲ್ಲಿ ನಮಗಿಂತ ವೇಗವಾಗಿ ಬೆಳೆದದ್ದು ಚಿನ್ನದ ದರ ಒಂದೇ!

ನೆಂಟರ ಮನೆಗೆ ಹೋದರೆ ಕೇಳುತ್ತಾರೆ, "ಬಿಸಿನೆಸ್ ಹೇಗುಂಟು? ದೊಡ್ಡದಾಯ್ತಾ?" ಒಂದೇ ಮಾತಿನಲ್ಲಿ ಉತ್ತರಿಸಲು ನಮಗೆ ಗೊತ್ತಾಗುವುದಿಲ್ಲ. ಅಂಗಡಿ ಹಾಕಿಲ್ಲ. ಬೋರ್ಡು ಇಲ್ಲ. ಊರಿನವರ ಬೋರ್ಡೆಲ್ಲ ಮಾಡಿಕೊಟ್ಟವರ ಮನೆಯೆದುರೇ ಬೋರ್ಡಿಲ್ಲ! ಕೆಲಸಕ್ಕೆ ಜನ ಇಟ್ಟುಕೊಂಡಿಲ್ಲ. ಹಾಗಾದರೆ ಬೆಳೆದಿಲ್ಲವೇ? ಬೆಳೆದಿದ್ದೇವೆ ಎಂದೇ ನಮ್ಮ ಲೆಕ್ಕ. ಆದರೆ ಆ ಬೆಳವಣಿಗೆ ಕಾಣಬೇಕಾದರೆ ಒಂದು ಕಾರ್ಡಿನ ಹಿಂದೆ ಏನೇನು ನಡೆಯುತ್ತದೆ ಎಂಬುದು ಗೊತ್ತಾಗಬೇಕು.

ಕಾರ್ಡಿನ ಮ್ಯಾಟರ್ ಸಾಮಾನ್ಯವಾಗಿ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ಅರ್ಧ ವಾಯ್ಸ್ ಮೆಸೇಜ್, ಅರ್ಧ ಹಳೆಯ ಕಾರ್ಡೊಂದರ ಫೋಟೊ. ಜೊತೆಗೆ, "ಇದರ ಹಾಗೇ ಮಾಡಿ, ಹೆಸರು ಮಾತ್ರ ಬದಲಾಯಿಸಿ. ಅರ್ಧ ಗಂಟೆಯ ಕೆಲಸ ಅಲ್ವಾ?" ಎಂಬ ಮಾತು.

ಬದಲಾಯಿಸಬೇಕಾದ ಆ ಹೆಸರಿನಲ್ಲೇ ಅರ್ಧ ದಿನ ಹೋಗುತ್ತದೆ. ಒಂದೇ ಮನೆಯಲ್ಲಿ ಅಜ್ಜ ಮಹಮ್ಮದ್, ಮಗ ಮೊಹಮ್ಮದ್, ಮೊಮ್ಮಗ ಮುಹಮ್ಮದ್. ಖದೀಜ, ಕದೀಜ, ಖತೀಜ, ಮೂರೂ ಒಬ್ಬಳೇ ಹುಡುಗಿ. ಆಧಾರ್‌ನಲ್ಲಿ ಒಂದು, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು, ಶಾಲೆಯ ಟಿಸಿಯಲ್ಲಿ ಮತ್ತೊಂದು. ಕಾರ್ಡು ತಾನೇ ಎಂದು ಬಿಡುವ ಹಾಗಿಲ್ಲ. ವಿವಾಹ ನೋಂದಣಿಗೆ ಹೋದರೆ ಆಮಂತ್ರಣ ಪತ್ರಿಕೆಯನ್ನೂ ಕೇಳುವುದುಂಟು. ಗಂಡ ಗಲ್ಫ್‌ನಲ್ಲಿದ್ದರೆ ಮುಂದೆ ವೀಸಾ, ಪಾಸ್‌ಪೋರ್ಟ್ ಎಂದು ಕಾಗದಪತ್ರದ ಸಾಲೇ ಬರುತ್ತದೆ. ಆದ್ದರಿಂದ ನಾವು ಹೆಸರನ್ನು ಬಾಯಿಮಾತಿನಲ್ಲಿ ತೆಗೆದುಕೊಳ್ಳುವುದಿಲ್ಲ. ದಾಖಲೆ ನೋಡಿ ಬರೆದು ಕಳಿಸಿ ಎನ್ನುತ್ತೇವೆ. ಮೊದಮೊದಲು ಜನರಿಗೆ ಇದು ಕಿರಿಕಿರಿ ಎನಿಸುತ್ತಿತ್ತು. ಈಗ ಕೆಲವರು ಕೇಳುವ ಮೊದಲೇ ಆಧಾರ್ ಫೋಟೊ ಕಳಿಸಿಬಿಡುತ್ತಾರೆ. ಅದನ್ನು ಕಳಿಸಬೇಡಿ, ಹೆಸರಷ್ಟೇ ಟೈಪ್ ಮಾಡಿ ಎಂದು ಈಗ ನಾವೇ ಹೇಳಬೇಕಾಗಿದೆ.

ವಧುವಿನ ಹೆಸರೇ ಇಲ್ಲದ ಕಾರ್ಡುಗಳೂ ನಮ್ಮ ಕೈಗೆ ಬರುತ್ತಿದ್ದವು. ‘ಇಂಥವರ ಪುತ್ರಿ’ ಎಂದಿಷ್ಟೇ. ನಾವು ವಾದ ಮಾಡುವುದಿಲ್ಲ. ಪ್ರೂಫ್ ಕಳಿಸುವಾಗ ಹೆಸರಿನ ಜಾಗ ಖಾಲಿ ಬಿಟ್ಟು, "ಇಲ್ಲಿ ಮದುಮಗಳ ಹೆಸರು ಬರ್ಲಿಕ್ಕುಂಟಾ?" ಎಂದು ಒಂದು ಸಾಲು ಸೇರಿಸುತ್ತೇವೆ. ಹೆಚ್ಚಿನ ಸಲ ಹೆಸರು ಬರುತ್ತದೆ. ಕೆಲವೊಮ್ಮೆ ಆ ಹೆಸರನ್ನು ಕಳಿಸುವುದು ಮದುಮಗಳೇ.

ಹೆಸರಿನ ನಂತರ ಲಿಪಿ. ನಮ್ಮ ಕಾರ್ಡಿನಲ್ಲಿ ಕನ್ನಡ, ಇಂಗ್ಲಿಷ್, ಅರಬಿ ಮೂರೂ ಬೇಕು. ಅರಬಿ ಬಲದಿಂದ ಎಡಕ್ಕೆ ಓಡುತ್ತದೆ, ಅಕ್ಷರಗಳು ಒಂದಕ್ಕೊಂದು ಕೈ ಹಿಡಿದುಕೊಳ್ಳುತ್ತವೆ. ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ಬೇಕಾದ ಸೆಟ್ಟಿಂಗ್ ಇಲ್ಲದಿದ್ದರೆ ಅಕ್ಷರಗಳು ಬಿಡಿಬಿಡಿಯಾಗಿ, ಅದೂ ತಿರುಗುಮುರುಗಾಗಿ ನಿಲ್ಲುತ್ತವೆ. ಅಂಥ ಬ್ಯಾನರ್‌ಗಳನ್ನು ನೀವೂ ನೋಡಿರುತ್ತೀರಿ. ಉಸ್ತಾದರು ಕೆಳಗೆ ನಿಂತು ಓದಲು ನೋಡಿ ಸುಮ್ಮನೆ ನಕ್ಕು ಹೋಗುತ್ತಾರೆ. ಕನ್ನಡಕ್ಕೂ ಇದೇ ಗತಿ; ಒತ್ತಕ್ಷರ ಕೆಳಗೆ ಬರುವ ಬದಲು ಪಕ್ಕದಲ್ಲಿ ಬಂದು ಕೂರುತ್ತದೆ. ಮೊಬೈಲ್‌ನಲ್ಲಿ ಬರೆಯುವ ಕನ್ನಡ ಯೂನಿಕೋಡ್, ಹಳೆಯ ಪ್ರೆಸ್‌ಗಳಲ್ಲಿರುವುದು ನುಡಿ ಅಥವಾ ಶ್ರೀಲಿಪಿಯ ಹಳೆ ಫಾಂಟು. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಅರ್ಕಾವತ್ತು ಎಲ್ಲಿ ಹಾರಿಹೋಯಿತೆಂದು ಕಣ್ಣಲ್ಲಿ ಕಣ್ಣಿಟ್ಟು ಹುಡುಕಬೇಕು. ‘ಕಾರ್ಯಕ್ರಮ’ ಎಂಬ ಪದ ನಮಗೆ ಎಷ್ಟು ಕಾಟ ಕೊಟ್ಟಿದೆ ಎಂದರೆ, ಈಗಲೂ ಅದನ್ನು ಕಂಡಲ್ಲಿ ಎರಡು ಸಲ ಓದುತ್ತೇವೆ.

ಇತ್ತೀಚೆಗೆ ನಾಲ್ಕನೆಯದೂ ಸೇರಿದೆ. ಒಂದೆರಡು ಸಾಲು ಬ್ಯಾರಿಯಲ್ಲೇ ಇರಲಿ ಎಂದು ಕೇಳುವ ಮನೆಗಳು ಹೆಚ್ಚುತ್ತಿವೆ. ಅಕಾಡಮಿ ಬ್ಯಾರಿಗೆ ಪ್ರತ್ಯೇಕ ಲಿಪಿಯನ್ನು ಹೊರತಂದಿದ್ದರೂ ನಮ್ಮಲ್ಲಿಗೆ ಬರುವವರು ಕೇಳುವುದು ಕನ್ನಡ ಲಿಪಿಯಲ್ಲೇ. ಆದರೆ ಹುಡುಗನ ಮನೆಯವರು ಹೇಳುವ ಹಾಗೆ ಬರೆದರೆ ಹುಡುಗಿಯ ಮನೆಯವರು, "ಎಂತ ಇದು, ನಾವು ಹೀಗೆ ಹೇಳುವುದೇ ಇಲ್ಲ" ಎನ್ನುತ್ತಾರೆ. ಊರಿಂದ ಊರಿಗೆ ಉಚ್ಚಾರ ಬೇರೆ. ನಾವು ನಡುವೆ ಕೂತು ಪಂಚಾಯ್ತಿ ಮಾಡಿ, ಕೊನೆಗೆ ಎರಡೂ ಮನೆಯ ಹಿರಿಯ ಹೆಂಗಸರಿಗೆ ಫೋನು ಕೊಡಿಸಿ ತೀರ್ಮಾನ ಮಾಡಿಸಿದ್ದುಂಟು. ಇದು ಸಂತೋಷದ ಜಗಳ. ಉಮ್ಮಂದಿರ ಮಾತು ಅಚ್ಚಿನಲ್ಲಿ ಬರುವುದಾದರೆ ಅರ್ಧ ದಿನ ಹೋದರೆ ಹೋಗಲಿ.

ಆಮೇಲೆ ಬಣ್ಣ. ಮೊಬೈಲ್ ಪರದೆಯದು ಬೆಳಕಿನ ಬಣ್ಣ, ಕಾಗದದ್ದು ಶಾಯಿಯ ಬಣ್ಣ. ಪ್ರೆಸ್‌ನಲ್ಲಿರುವುದು ನಾಲ್ಕೇ ಶಾಯಿ: ಸಯಾನ್, ಮಜೆಂಟಾ, ಹಳದಿ, ಕಪ್ಪು. ಮೀಲಾದ್ ಪೋಸ್ಟರಿಗೆ ಹುಡುಗರು ಇಷ್ಟಪಡುವ ಆ ಹೊಳೆಯುವ ಹಸಿರು ಈ ನಾಲ್ಕರಲ್ಲಿ ಬೆರೆಸಿದಾಗ ಮಂಕಾಗುತ್ತದೆ. ಈಗ ನಾವು ಮೊದಲೇ ಕಾಗದದ ಮೇಲೆ ಒಂದು ಪ್ರಿಂಟ್ ತೆಗೆದು ತೋರಿಸುತ್ತೇವೆ. ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಹೇಳಿ ಹೇಳಿ ಬಾಯಿ ಬತ್ತಿದೆ. ಸಾಮಾನ್ಯ ಫೋಟೊವಾಗಿ ಕಳಿಸಿದರೆ ಅದು ಕುಗ್ಗಿ ಬರುತ್ತದೆ, ಅಚ್ಚಿನಲ್ಲಿ ಮುಖ ಮಸುಕು. ಇಷ್ಟೆಲ್ಲ ಮುಗಿದು ಅಂಚಿನಲ್ಲಿ ಕತ್ತರಿಸಲು 3 ಮಿಲಿಮೀಟರ್ ಹೆಚ್ಚುವರಿ ಬಿಟ್ಟು ಫೈಲು ಕಳಿಸಿದರೆ ಅರ್ಧ ಗಂಟೆಯ ಕೆಲಸ ಮುಗಿಯಿತು.

ಅಂದ ಹಾಗೆ, ಅಕ್ಷರ ಕೂಡಿಸುವ ಈ ಕಷ್ಟ ನಮ್ಮ ಮಂಗಳೂರಿಗೆ ಹೊಸತಲ್ಲ. ಬಾಸೆಲ್ ಮಿಷನ್ 1841ರಲ್ಲೇ ಇಲ್ಲಿ ಪ್ರೆಸ್ ಹಾಕಿತ್ತು. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಅದು ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಎಂದರೆ ಅಚ್ಚುಮೊಳೆ ಜೋಡಿಸಿದ್ದಲ್ಲ, ಯಾರೋ ಕೈಯಲ್ಲಿ ಬರೆದ ಅಕ್ಷರವೇ ಕಲ್ಲಿನಿಂದ ಕಾಗದಕ್ಕೆ ಇಳಿದದ್ದು. ಆ ಕೈ ಯಾರದ್ದೆಂದು ನಾವು ಆಗಾಗ ಯೋಚಿಸುವುದುಂಟು. ಇಂದು ನಾವು ಬಳಸುವ ಕನ್ನಡ ಕೀಲಿಮಣೆಯ ವಿನ್ಯಾಸ ರೂಪಿಸಿದ ಕೆ.ಪಿ. ರಾವ್ ಅವರೂ ಮಂಗಳೂರು ಪಕ್ಕದ ಕಿನ್ನಿಕಂಬಳದವರು. ನಾವು ದಿನವಿಡೀ ಕುಟ್ಟುವ ಕೀಲಿಗಳ ಹಿಂದೆ ನಮ್ಮ ಪಕ್ಕದ ಊರಿನವರ ತಲೆ ಉಂಟು ಎಂಬುದು ಸಣ್ಣ ಹೆಮ್ಮೆಯೇನಲ್ಲ.

ಇನ್ನು ಹಣದ ಮಾತು. ತುಳುವಿನ ‘ಬ್ಯಾರ’, ಎಂದರೆ ವ್ಯಾಪಾರ, ಅದರಿಂದಲೇ ಬ್ಯಾರಿ ಎಂಬ ಹೆಸರು ಬಂತು ಎನ್ನುವವರು ಹಲವರು. ಮೀನು, ಮರ, ಬೀಡಿ, ಅಡಿಕೆ, ಬಟ್ಟೆ, ನಮ್ಮವರು ಮಾರದ ಸರಕಿಲ್ಲ. ತೂಗಿ, ಅಳೆದು, ಎಣಿಸಿ ಕೊಡುವ ವ್ಯಾಪಾರ ನಮಗೆ ರಕ್ತದಲ್ಲೇ ಇದೆ. ಡಿಸೈನ್ ಮಾತ್ರ ತೂಗಲು ಬರುವುದಿಲ್ಲ. ಕೈಯಲ್ಲಿ ಹಿಡಿಯುವ ಹಾಗಿಲ್ಲ. ಆದ್ದರಿಂದ ಕಾರ್ಡಿನ ಕಾಗದಕ್ಕೆ, ಗೋಲ್ಡ್ ಫಾಯಿಲ್‌ಗೆ, ಕವರಿಗೆ ಹಣ ಕೊಡಲು ಯಾರಿಗೂ ಬೇಸರವಿಲ್ಲ. ಡಿಸೈನಿಗೆ ಬೇರೆಯಾಗಿ ಚಾರ್ಜ್ ಉಂಟು ಎಂದಾಗ ಮುಖ ಸ್ವಲ್ಪ ಬದಲಾಗುತ್ತದೆ. "ಅದು ಕಂಪ್ಯೂಟರ್ ಮಾಡ್ತದೆ ಅಲ್ವಾ ಮಗಳೇ?"

ಜಮಾಅತ್, ಸಂಘ-ಸಂಸ್ಥೆಗಳ ಕೆಲಸದಲ್ಲಿ ಇದು ಇನ್ನೂ ಕಷ್ಟ. ಕಾರ್ಯಕ್ರಮವೊಂದರ ಖರ್ಚಿನ ಪಟ್ಟಿ ನೋಡಿ. ಮೈಕ್‌ನವರಿಗೆ ಹಣ ಉಂಟು, ಶಾಮಿಯಾನದವರಿಗೆ ಉಂಟು, ಬಿರಿಯಾನಿ ಬೇಯಿಸಿದವರಿಗೆ ಉಂಟು, ಫ್ಲೆಕ್ಸ್ ಪ್ರಿಂಟ್ ಮಾಡಿದವರಿಗೆ ಚದರ ಅಡಿ ಲೆಕ್ಕದಲ್ಲಿ ಉಂಟು. ಪೋಸ್ಟರ್ ಡಿಸೈನ್ ಮಾತ್ರ ಸವಾಬಿಗೆ! ಸವಾಬು ಬೇಡವೆಂದು ಹೇಳುವವರು ನಾವಲ್ಲ. ಒಂದು ವರ್ಷ ಮೀಲಾದ್ ತಿಂಗಳಲ್ಲಿ ನಾವು ಮಾಡಿದ ಕೆಲಸಗಳನ್ನು ಪುಸ್ತಕದಲ್ಲಿ ಬರೆದು ನೋಡಿದೆವು. ರಾತ್ರಿ ಒಂದು ಗಂಟೆಯವರೆಗೆ ಕೂತ ತಿಂಗಳದು. ಹಣ ಬಂದದ್ದು ಮೂರು ಕೆಲಸಕ್ಕೆ. ಆ ತಿಂಗಳ ಕರೆಂಟ್ ಬಿಲ್ಲು ಕಟ್ಟಿದ್ದು ಮನೆಯ ಖರ್ಚಿನ ಹಣದಿಂದ.

ಆಗ ಒಂದು ನಿಯಮ ಮಾಡಿಕೊಂಡೆವು. ತಿಂಗಳಿಗೆ ಎರಡು ಕೆಲಸ ಪೂರ್ತಿ ಉಚಿತ. ಬಡ ಹುಡುಗಿಯ ಮದುವೆ, ರಕ್ತದಾನ ಶಿಬಿರ, ಚಿಕಿತ್ಸೆಗೆ ನೆರವು ಕೇಳುವ ಪೋಸ್ಟರ್, ಇಂಥವು. ಉಳಿದದ್ದಕ್ಕೆ ದರಪಟ್ಟಿ. ಮದ್ರಸಕ್ಕೆ ಅರ್ಧ. ಪಟ್ಟಿಯನ್ನು ಗೋಡೆಗೆ ಅಂಟಿಸಿದೆವು, ಫೋನಿನಲ್ಲೂ ಇಟ್ಟುಕೊಂಡೆವು, ಏಕೆಂದರೆ ಬಾಯಿಬಿಟ್ಟು ಹಣ ಕೇಳಲು ನಮ್ಮಿಬ್ಬರಿಗೂ ನಾಚಿಕೆ. ಕೆಲವರು ಮುನಿಸಿಕೊಂಡರು. ಒಂದು ಸಂಘದವರು ಎರಡು ವರ್ಷ ಈ ಕಡೆ ಬರಲಿಲ್ಲ. ಮಸೀದಿಯೊಂದರ ಆಡಳಿತ ಸಮಿತಿಯವರು ಮಾತ್ರ ಪಟ್ಟಿ ನೋಡಿ, "ಇದು ಮೊದಲೇ ಹೇಳ್ಬೇಕಿತ್ತು, ನಾವು ಬಜೆಟ್‌ನಲ್ಲಿ ಇಡ್ತಿದ್ದೆವು" ಎಂದರು. ಈಗ ಅವರ ವರ್ಷದ ಲೆಕ್ಕದಲ್ಲಿ ‘ಡಿಸೈನ್’ ಎಂಬ ಒಂದು ಸಾಲು ಇದೆ. ಎಂಟು ವರ್ಷದಲ್ಲಿ ನಮಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಯಾವುದೆಂದು ಕೇಳಿದರೆ ನಾವು ತೋರಿಸುವುದು ಆ ಸಾಲನ್ನು.

2020ರ ಲಾಕ್‌ಡೌನ್ ಕಾರ್ಡಿನ ಕೆಲಸವನ್ನು ಒಂದೇ ಏಟಿಗೆ ನಿಲ್ಲಿಸಿತು. ಮದುವೆಗೆ ಐವತ್ತೇ ಜನ ಎಂದಾದ ಮೇಲೆ ಯಾರು ಕಾರ್ಡು ಹೊಡೆಸುತ್ತಾರೆ? ಫೋನಿನಲ್ಲಿ ಕಳಿಸುವ ಚಿತ್ರದ ಆಮಂತ್ರಣ, ಹಾಡಿಲ್ಲದ ವೀಡಿಯೊ ಆಮಂತ್ರಣ ಶುರುವಾದದ್ದು ಆಗಲೇ. ನಿರ್ಬಂಧ ಹೋದ ನಂತರವೂ ಕಾರ್ಡು ಮೊದಲಿನ ಸಂಖ್ಯೆಗೆ ಮರಳಲಿಲ್ಲ. ಮೊದಲು ಸಾವಿರ ಹೊಡೆಸುತ್ತಿದ್ದ ಮನೆಯವರು ಈಗ ಇನ್ನೂರು ಹೊಡೆಸಿ, ಹಿರಿಯರಿಗೆ ಕೈಯಲ್ಲಿ ಕೊಟ್ಟು, ಉಳಿದವರಿಗೆ ಫೋನಿನಲ್ಲಿ ಕಳಿಸುತ್ತಾರೆ. ಅರಬಿ ವಾಕ್ಯವಿರುವ ಕಾರ್ಡು ಕಸದ ಬುಟ್ಟಿ ಸೇರುವುದು ಬೇಡ ಎಂಬ ಕಾರಣಕ್ಕೂ ಕೆಲವರು ಕಡಿಮೆ ಮಾಡಿದ್ದಾರೆ. ಅದು ಒಳ್ಳೆಯ ಯೋಚನೆ. ನಾವೂ ಅಚ್ಚಿನ ಕಾರ್ಡಿಗೆ ಅರಬಿ ವಾಕ್ಯ ಹಾಕುವ ಮೊದಲು ಒಮ್ಮೆ ಕೇಳುತ್ತೇವೆ.

ಕಾರ್ಡು ಕಡಿಮೆಯಾದ ಜಾಗಕ್ಕೆ ಬಂದವರು ಮನೆಯಿಂದಲೇ ವ್ಯಾಪಾರ ಮಾಡುವ ಹೆಂಗಸರು. ಕೇಕ್, ಉಪ್ಪಿನಕಾಯಿ, ಅಬಾಯ, ಮಕ್ಕಳ ಬಟ್ಟೆ, ಇಫ್ತಾರಿನ ತಿಂಡಿ. ಗಲ್ಫ್‌ನಿಂದ ಕೆಲಸ ಬಿಟ್ಟು ಬಂದು ಸಣ್ಣ ಹೋಟೆಲ್ ಇಟ್ಟವರೂ ಇದ್ದಾರೆ. ಇವರಿಗೆ ಬೇಕಾದದ್ದು ಲೋಗೊ. ಬರುವಾಗ ದೊಡ್ಡ ಕಂಪೆನಿಯೊಂದರ ಲೋಗೊ ಹಿಡಿದುಕೊಂಡೇ ಬರುತ್ತಾರೆ, "ಇದೇ ತರ, ಬಣ್ಣ ಮಾತ್ರ ಬೇರೆ." ಇಲ್ಲಿ ನಾವು ಸ್ವಲ್ಪ ಗಟ್ಟಿ. ನಕಲು ಮಾಡಿಕೊಡುವುದಿಲ್ಲ. ಮುಂದೆ ವ್ಯಾಪಾರ ಬೆಳೆದು ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಲು ಹೊರಟಾಗ ಆ ನಕಲೇ ಕಾಲಿಗೆ ತೊಡರುತ್ತದೆ ಎಂದು ವಿವರಿಸುತ್ತೇವೆ. ಒಬ್ಬರೇ ನಡೆಸುವ ವ್ಯಾಪಾರಕ್ಕೆ, ಸಣ್ಣ ಉದ್ಯಮಕ್ಕೆ ಆನ್‌ಲೈನ್ ಅರ್ಜಿಯ ಸರಕಾರಿ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ, ನೋಂದಣಿಯಾದರೆ 10 ವರ್ಷ ಚಿಂತೆಯಿಲ್ಲ. ಇದನ್ನು ಕೇಳಿ ಎದ್ದು ಹೋದವರೂ ಇದ್ದಾರೆ, ಕೂತು ಎರಡನೇ ಚಹಾ ಕುಡಿದು ತಮ್ಮ ಉಮ್ಮನ ಹೆಸರಿನಲ್ಲಿ ಹೊಸ ಲೋಗೊ ಬರೆಸಿಕೊಂಡವರೂ ಇದ್ದಾರೆ.

ಬಾಕಿ ವಸೂಲಿಯ ಕಥೆ ಹೇಳದಿದ್ದರೆ ಲೆಕ್ಕ ಪೂರ್ತಿಯಾಗದು. ಒಂದು ಸಂಸ್ಥೆಗೆ ಪ್ರಾಸ್ಪೆಕ್ಟಸ್, ಬ್ಯಾನರ್, ಗುರುತಿನ ಚೀಟಿ ಎಲ್ಲ ಮಾಡಿಕೊಟ್ಟಿದ್ದೆವು. "ಬರುವ ವಾರ" ಎನ್ನುತ್ತಾ ಎಂಟು ತಿಂಗಳು ಕಳೆಯಿತು. ಅಕೌಂಟ್ಸ್ ನೋಡುವವರೊಬ್ಬರು ನಮಗೆ ಉದ್ಯಮ್ ನೋಂದಣಿ ಮಾಡಿಸಿ ಎಂದು ಹೇಳಿಕೊಟ್ಟರು. ಆಧಾರ್ ಮತ್ತು ಪಾನ್ ಇದ್ದರೆ ಆನ್‌ಲೈನ್‌ನಲ್ಲಿ ಮನೆಯಲ್ಲೇ ಕೂತು ಮಾಡಬಹುದು, ಶುಲ್ಕವಿಲ್ಲ. ಹಣ ಕೇಳುವ ಏಜೆಂಟರ ಹತ್ತಿರ ಹೋಗಬೇಡಿ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಕಿರು ಮತ್ತು ಸಣ್ಣ ಉದ್ಯಮಗಳ ಬಿಲ್ಲನ್ನು ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ ಕೊಡಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡಲು ಪೋರ್ಟಲ್ ಇದೆ. ನಾವು ಆ ಸಂಸ್ಥೆಗೆ ಕಾಯ್ದೆಯ ಸಾಲುಗಳನ್ನು ಬರೆದು, ಕೊನೆಯಲ್ಲಿ ‘ಬಡ್ಡಿ ನಮಗೆ ಬೇಡ, ಅಸಲು ಕೊಟ್ಟರೆ ಸಾಕು’ ಎಂದು ಸೇರಿಸಿ ಪತ್ರ ಕಳಿಸಿದೆವು. ಹತ್ತು ದಿನದಲ್ಲಿ ಅಸಲು ಬಂತು. ದೂರು ಕೊಡುವ ಪ್ರಸಂಗ ಬರಲಿಲ್ಲ. ಈಗ ನಮ್ಮ ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಇರುತ್ತದೆ, ಕೆಲಸಕ್ಕೆ ಮೊದಲು ಅರ್ಧ ಹಣ ಮುಂಗಡ. ಮನೆಯಿಂದ ಟೈಲರಿಂಗ್, ಕೇಕ್, ಉಪ್ಪಿನಕಾಯಿ ಮಾಡಿ ಅಂಗಡಿಗಳಿಗೆ ಕೊಡುವ ಎಲ್ಲ ಹೆಂಗಸರೂ ಈ ನೋಂದಣಿ ಮಾಡಿಸಿಕೊಳ್ಳುವುದು ಒಳ್ಳೆಯದು.

ಫ್ಲೆಕ್ಸ್ ಬಗ್ಗೆಯೂ ಒಂದು ಮಾತು. ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್‌ಗೆ 2016ರಲ್ಲೇ ನಿಷೇಧ ಬಂದಿದೆ. ಆದರೂ ಪ್ರತಿ ತಿರುವಿನಲ್ಲಿ ಅದೇ. ನಾವು ಬಟ್ಟೆಯ ಬ್ಯಾನರ್‌ಗೇ ಡಿಸೈನ್ ಮಾಡಿಕೊಡುವುದು, ಖರ್ಚು ಸ್ವಲ್ಪ ಹೆಚ್ಚು. ಇದರಿಂದ ಕಳೆದುಕೊಂಡ ಕೆಲಸ ಕಡಿಮೆಯೇನಲ್ಲ. ಒಬ್ಬ ಹಾಜಿಯವರು ಮಾತ್ರ ಮಗಳ ಮದುವೆಯ ಬಟ್ಟೆ ಬ್ಯಾನರನ್ನು ಆಮೇಲೆ ತೊಳೆದು ಅಕ್ಕಿ ಒಣಗಿಸಲು ಹಾಕಿದ್ದಾರಂತೆ.

ಈ ವರ್ಷದ ಹೊಸ ಗಿರಾಕಿ ಎಐ. ಜನ ಮೊಬೈಲ್‌ನಲ್ಲೇ ಚಿತ್ರ ಮಾಡಿಸಿ ತಂದು, "ಇದನ್ನು ಸ್ವಲ್ಪ ಸರಿ ಮಾಡಿ ಕೊಡಿ" ಎನ್ನುತ್ತಾರೆ. ಚಿತ್ರ ಚಂದವೇ ಇರುತ್ತದೆ. ಅದರಲ್ಲಿರುವ ಕನ್ನಡ ಮಾತ್ರ ಯಾವ ಲೋಕದ ಕನ್ನಡವೋ, ಅರಬಿಯಂತೂ ಇನ್ನೂ ಅಪಾಯ. ಅಕ್ಷರದ ಹಾಗೆ ಕಾಣುತ್ತದೆ, ಅಕ್ಷರವಲ್ಲ. ಅದನ್ನು ಮಸೀದಿಯ ಪೋಸ್ಟರಿನಲ್ಲಿ ಹಾಕಲಾಗುತ್ತದೆಯೇ? ಸದ್ಯಕ್ಕೆ ನಮ್ಮ ಅನ್ನ ಉಳಿದಿರುವುದು ಒತ್ತಕ್ಷರದಲ್ಲಿ, ಅರಬಿಯ ಜೋಡಣೆಯಲ್ಲಿ, ಹೆಸರಿನ ಕಾಗುಣಿತದಲ್ಲಿ. ಅದೂ ಎಷ್ಟು ದಿನವೋ. ಯಂತ್ರ ಇದನ್ನೂ ಕಲಿತರೆ ನಮ್ಮ ಹತ್ತಿರ ಇನ್ನೇನು ಉಳಿಯುತ್ತದೆ ಎಂದು ನಾವಿಬ್ಬರೂ ರಾತ್ರಿ ಕೆಲಸ ಮುಗಿಸಿ ಪಾತ್ರೆ ತೊಳೆಯುವಾಗ ಮಾತಾಡಿಕೊಳ್ಳುತ್ತೇವೆ. ಅತ್ತಿಗೆಗೆ ಹೆದರಿಕೆಯಿಲ್ಲ. ಮದುಮಗಳ ಹೆಸರು ಹಾಕಬೇಕೋ ಎಂದು ಯಂತ್ರ ಕೇಳುವುದಿಲ್ಲ ಎನ್ನುತ್ತಾಳೆ. ನಾದಿನಿಗೆ ಅಷ್ಟು ಧೈರ್ಯವಿಲ್ಲ. ಅವಳು ಸಂಜೆ ಒಂದು ಗಂಟೆ ಆ ಹೊಸ ಉಪಕರಣಗಳನ್ನೇ ಕಲಿಯುತ್ತಿದ್ದಾಳೆ.

ಕಳೆದ ತಿಂಗಳು ತೊಕ್ಕೊಟ್ಟಿನಲ್ಲಿ ರಸ್ತೆ ಬದಿಗೆ ಒಂದು ರೂಮು ಖಾಲಿಯಾಯಿತು. ಮನೆಯ ಗಂಡಸರೇ ಹೇಳಿದರು, ತೆಗೆದುಕೊಳ್ಳಿ ಎಂದು. ಎಂಟು ವರ್ಷದ ಹಿಂದೆ ‘ಮನೆಯಲ್ಲಿ ಕೂತು ಹೊತ್ತು ಹೋಗಲಿಕ್ಕೆ’ ಎಂದು ನಕ್ಕವರೂ ಅವರೇ ಎಂಬುದನ್ನು ನಾವು ನೆನಪಿಸಲಿಲ್ಲ. ಬಾಡಿಗೆ, ಅಡ್ವಾನ್ಸ್, ಬೋರ್ಡು ಎಲ್ಲ ಲೆಕ್ಕ ಹಾಕಿದೆವು. ಅಷ್ಟು ಬಾಡಿಗೆ ಹುಟ್ಟಬೇಕಾದರೆ ನಾವು ಬಿಟ್ಟ ಕೆಲಸಗಳನ್ನೆಲ್ಲ ಮತ್ತೆ ಹಿಡಿಯಬೇಕು: ನಕಲು ಲೋಗೊ, ರಾತ್ರೋರಾತ್ರಿಯ ಫ್ಲೆಕ್ಸ್, ಪ್ರೂಫ್ ನೋಡದೆ ಅಚ್ಚಿಗೆ ಹೋಗುವ ಕಾರ್ಡು. ರೂಮು ಬೇಡವೆಂದೆವು. ಅದೇ ಹಣದಲ್ಲಿ ಬಣ್ಣ ಸರಿಯಾಗಿ ತೋರಿಸುವ ಒಂದು ಮಾನಿಟರ್ ತಂದೆವು, ಪಕ್ಕದ ಮನೆಯ ಇಬ್ಬರು ಹುಡುಗಿಯರಿಗೆ ಒಂದು ಮೇಜು ಹಾಕಿಸಿದೆವು. ಪಿಯುಸಿ ಮುಗಿಸಿದ ಅವರು ಮಧ್ಯಾಹ್ನದ ಮೇಲೆ ಬಂದು ಕಲಿಯುತ್ತಾರೆ. ಕಲಿಯುವಾಗಲೂ ಮಾಡಿದ ಕೆಲಸಕ್ಕೆ ಹಣ ಕೊಡುತ್ತೇವೆ. ಮೊನ್ನೆ ಒಬ್ಬಳು ಮೊದಲ ಬಾರಿಗೆ ಗಿರಾಕಿಯ ಫೋನು ತಾನೇ ತೆಗೆದಳು. ಆ ಕಡೆಯಿಂದ ಎಂದಿನ ಪ್ರಶ್ನೆ ಬಂದಿರಬೇಕು. "ಅರ್ಧ ಗಂಟೆ ಆಗುದಿಲ್ಲ ಕಾಕ, ಎರಡು ದಿನ ಬೇಕು. ರೇಟ್ ಲಿಸ್ಟ್ ಈಗ ಕಳಿಸ್ತೇನೆ" ಎಂದು ಫೋನು ಇಟ್ಟು ಅರಬಿ ಸಾಲು ಸರಿಪಡಿಸಲು ಕೂತಳು.